ಬೇಕು, ಬೇಡ, ಬೇಕಿಲ್ಲ: ದಾವ್ ದೆ ಜಿಂಗ್‌ನ ಮೊದಲ ಅಧ್ಯಾಯವನ್ನು ಅರ್ಥೈಸಿ ಕನ್ನಡಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಪ್ರಾಚೀನ ಚೀನಾದ ಚಿಂತಕ ಲಾವೋತ್ಸುವಿನದೆಂದು ಹೇಳಲಾಗುವ ದಾವ್ ದೆ ಜಿಂಗ್ ಸುಮಾರು ಐದು ಸಾವಿರ ಚೀನೀ ಅಕ್ಷರಗಳ ಪುಟ್ಟ ಗ್ರಂಥ. ಅದರ 81 ಅಧ್ಯಾಯಗಳ ಪೈಕಿ ಮೊದಲನೆಯದರಲ್ಲಿ ಇರುವುದು 59 ಅಕ್ಷರ. ಮರುಕಳಿಸಿದವನ್ನು ಬಿಟ್ಟರೆ ಕೇವಲ 33. ಇಷ್ಟನ್ನು ನಿಘಂಟಿನ ನೆರವಿನಿಂದ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಗುರುತಿಸಿಕೊಳ್ಳಬಹುದು. ಆದರೆ ಅದರ ನಡುವಿನ ಎರಡು ಸಾಲುಗಳು, ಬಯಕೆಯ ಇರವು ಇಲ್ಲದಿರವುಗಳನ್ನೂ ಅವುಗಳಿಂದ ಕಾಣಸಿಗುವುದನ್ನೂ ಹೇಳುವ ಸಾಲುಗಳು, ಅನುವಾದಕರನ್ನು ವರ್ಷಗಟ್ಟಲೆ ಕಾಡುತ್ತವೆ. ಈ ಮಾರ್ಗದರ್ಶಿ ಮುಖ್ಯವಾಗಿ ಆ ಎರಡು ಸಾಲುಗಳನ್ನೂ, ಅವುಗಳ ಹಿಂದೆಯೇ ಬರುವ ನಿಗೂಢದ ಮಾತನ್ನೂ ಕುರಿತದ್ದು. ಚೀನೀ ಭಾಷೆಯ ಪಾಂಡಿತ್ಯವಿಲ್ಲದಿದ್ದರೂ ಮೂಲವನ್ನು ಮುಂದಿಟ್ಟುಕೊಂಡು ಕೆಲಸ ಮಾಡಲು ಸಿದ್ಧರಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಹಂತ 1: ಯಾವ ಪಾಠ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಓಲೆಗರಿಗಳ ಪಾಠಾಂತರಗಳನ್ನು ನೋಡದೆ ಮುಂದೆ ಹೋಗುವುದಿಲ್ಲ. ಇಲ್ಲಿಯೂ ಅದೇ ಶಿಸ್ತು ಬೇಕು. ಹೆಚ್ಚಿನ ಅನುವಾದಗಳಿಗೆ ಆಧಾರವಾಗಿರುವುದು ಕ್ರಿ.ಶ. 226ರಿಂದ 249ರವರೆಗೆ ಮಾತ್ರ ಬದುಕಿದ್ದ ವಾಂಗ್ ಬೀ ಎಂಬ ತರುಣ ವ್ಯಾಖ್ಯಾನಕಾರನ ಹೆಸರಿನಲ್ಲಿ ಬಂದ ಪಾಠ. ಅದಕ್ಕಿಂತ ಹಳೆಯದು 1973ರಲ್ಲಿ ಹುನಾನ್ ಪ್ರಾಂತದ ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ದುಯಿಯಲ್ಲಿ ದೊರೆಯಿತು. ಕ್ರಿ.ಪೂ. 168ರಲ್ಲಿ ಮುಚ್ಚಲಾದ ಗೋರಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳಿದ್ದವು. 1993ರಲ್ಲಿ ಹುಬೇ ಪ್ರಾಂತದ ಗುವೋದಿಯೆನ್‌ನಲ್ಲಿ ಸಿಕ್ಕ ಬಿದಿರು ಪಟ್ಟಿಗಳು ಇನ್ನೂ ಹಿಂದಿನವು, ಸುಮಾರು ಕ್ರಿ.ಪೂ. 300ರವು, ಆದರೆ ಅವುಗಳಲ್ಲಿ ಈ ಮೊದಲ ಅಧ್ಯಾಯ ಇಲ್ಲ. ಹೀಗಾಗಿ ನಮ್ಮ ಮೇಜಿನ ಮೇಲೆ ಇರಬೇಕಾದದ್ದು ವಾಂಗ್ ಬೀಯ ಪಾಠ ಮತ್ತು ರೇಷ್ಮೆ ಪಾಠ. ಎರಡೂ ‘ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್’ ಎಂಬ ಅಂತರಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸ ಒಂದು ಪದದ್ದು. ಈ ಅಧ್ಯಾಯದಲ್ಲಿ ವಾಂಗ್ ಬೀಯ ‘ಚಾಂಗ್’ ಇರುವ ಕಡೆಯಲ್ಲೆಲ್ಲ ರೇಷ್ಮೆಯ ಮೇಲೆ ‘ಹೆಂಗ್’ ಇದೆ. ಕ್ರಿ.ಪೂ. 180ರಿಂದ 157ರವರೆಗೆ ಆಳಿದ ಹಾನ್ ಚಕ್ರವರ್ತಿ ವೆನ್‌ನ ಸ್ವಂತ ಹೆಸರು ಲಿಯು ಹೆಂಗ್. ಅರಸನ ಹೆಸರನ್ನು ಬರೆಯಬಾರದೆಂಬ ಕಟ್ಟಳೆಯಿಂದ ಲಿಪಿಕಾರರು ಆ ಪದವನ್ನೇ ಬದಲಿಸಿದರು. ಹೆಂಗ್ ಎಂದರೆ ಬದಲಾಗದೆ ನಡೆದುಕೊಂಡು ಬರುವುದು. ಚಾಂಗ್ ಎಂದರೆ ಅದೂ ಹೌದು, ದಿನನಿತ್ಯದ ಸಾಮಾನ್ಯ ಎಂಬುದೂ ಹೌದು. ‘ಶಾಶ್ವತ’, ‘ಸನಾತನ’ ಎಂದು ಬರೆದರೆ ಕಾಲವನ್ನು ಮೀರಿದ ಒಂದು ವಸ್ತುವಿನ ಚಿತ್ರ ಮೂಡುತ್ತದೆ. ಎರಡೂ ಪದಗಳಲ್ಲಿ ಅಂಥ ಗುಡಿಯ ಘಂಟಾನಾದ ಇಲ್ಲ. ನನಗೆ ಒಪ್ಪಿಗೆಯಾದದ್ದು ‘ಎಂದಿನ’, ‘ಎಂದೂ’. ‘ಎಂದಿನಂತೆ’ ಎಂಬ ಮಾತಿನಲ್ಲಿ ರೂಢಿಯೂ ಇದೆ, ನಿರಂತರತೆಯೂ ಇದೆ.

ಹಂತ 2: ಪದದ ಕೆಳಗೆ ಪದವಿಟ್ಟು ಬರೆದುಕೊಳ್ಳಿ

ನಮ್ಮ ಎರಡು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಸುಮಾರಾಗಿ ಹೀಗೆ ಬರೆದುಕೊಳ್ಳಬಹುದು:

ಗು ಚಾಂಗ್ ವೂ ಯೂ, ಯೀ ಗುವಾನ್ ಚೀ ಮಿಯಾವ್;
ಚಾಂಗ್ ಯೋವ್ ಯೂ, ಯೀ ಗುವಾನ್ ಚೀ ಜಿಯಾವ್.

ಪದಶಃ ಇಟ್ಟರೆ: ಆದ್ದರಿಂದ, ಎಂದೂ, ಇಲ್ಲ, ಬೇಕು, ಅದರಿಂದ, ಕಾಣು, ಅದರ, ಮಿಯಾವ್, ಎಂದೂ, ಉಂಟು, ಬೇಕು, ಅದರಿಂದ, ಕಾಣು, ಅದರ, ಜಿಯಾವ್. ಕೊನೆಯ ಎರಡು ಪದಗಳನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಕರ್ತೃ ಇಲ್ಲ, ಕಾಲ ಇಲ್ಲ, ವಚನ ಇಲ್ಲ. ಯಾರು ಕಾಣುತ್ತಾರೆ ಎಂಬುದನ್ನು ಮೂಲ ಹೇಳುವುದಿಲ್ಲ. ಅವಸರದಲ್ಲಿ ‘ಮನುಷ್ಯನು’ ಎಂದೋ ‘ಜ್ಞಾನಿಯು’ ಎಂದೋ ಸೇರಿಸಿಬಿಡಬೇಡಿ.

ಈ ಹಂತದಲ್ಲಿಯೇ ಕನ್ನಡಕ್ಕೆ ಒಂದು ಅನುಕೂಲ ಒದಗುತ್ತದೆ. ಅಧ್ಯಾಯದ ಆರಂಭದಲ್ಲಿ ‘ಫೇಯ್’ ಎಂಬ ನಿಷೇಧ ಪದವಿದೆ: ಹೇಳಬಹುದಾದ ದಾರಿ ಎಂದಿನ ದಾರಿಯಲ್ಲ. ಮುಂದಿನ ಸಾಲುಗಳಲ್ಲಿ ಇರುವ ನಿಷೇಧ ಬೇರೆ, ‘ವೂ’. ಮೊದಲನೆಯದು ‘ಅದು ಇದಲ್ಲ’ ಎನ್ನುತ್ತದೆ, ಎರಡನೆಯದು ‘ಅದು ಇಲ್ಲಿಲ್ಲ’ ಎನ್ನುತ್ತದೆ. ‘ಇದು ನೀರಲ್ಲ’ ಎನ್ನುವುದಕ್ಕೂ ‘ಇಲ್ಲಿ ನೀರಿಲ್ಲ’ ಎನ್ನುವುದಕ್ಕೂ ಇರುವ ಅಂತರ ಕನ್ನಡದ ಮಗುವಿಗೂ ಗೊತ್ತು. ಒಂದೇ ನಿಷೇಧ ಪದದಲ್ಲಿ ಎರಡನ್ನೂ ತುರುಕಬೇಕಾದ ಭಾಷೆಗಳ ಅನುವಾದಕರು ಇಲ್ಲಿ ಅಡಿಟಿಪ್ಪಣಿ ಹಾಕಬೇಕಾಗುತ್ತದೆ. ನಮಗೆ ‘ಅಲ್ಲ’ ಮತ್ತು ‘ಇಲ್ಲ’ ಸಾಕು. ಹಾಗಿರುವಾಗ ‘ಅಭಾವ’, ‘ಶೂನ್ಯ’, ‘ಅಸತ್’ ಎಂಬ ಪದಗಳಿಗೆ ಕೈಹಾಕುವುದು ಕೈಯಲ್ಲಿರುವ ಬೆಣ್ಣೆ ಬಿಟ್ಟು ತುಪ್ಪಕ್ಕೆ ಅಲೆದಂತೆ.

ಹಂತ 3: ಎಲ್ಲಿ ನಿಲ್ಲಿಸಿ ಓದುವುದೆಂದು ತೀರ್ಮಾನಿಸಿ

ಹಳೆಯ ಚೀನೀ ಬರಹದಲ್ಲಿ ವಿರಾಮಚಿಹ್ನೆಗಳಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಸೋಂಗ್ ರಾಜವಂಶದ ಇಬ್ಬರು ಪ್ರಸಿದ್ಧ ವಿದ್ವಾಂಸ ಆಡಳಿತಗಾರರು, ವಾಂಗ್ ಆನ್‌ಶೀ ಮತ್ತು ಸೀಮಾ ಗುವಾಂಗ್, ರಾಜಕೀಯದಲ್ಲಿ ಕಟ್ಟಾ ಎದುರಾಳಿಗಳಾಗಿದ್ದರೂ ಒಂದು ಅಲ್ಪವಿರಾಮದ ವಿಷಯದಲ್ಲಿ ಒಮ್ಮತಕ್ಕೆ ಬಂದರು. ‘ವೂ ಯೂ’ ಎಂದು ಕೂಡಿಸಿ ಓದದೆ, ‘ವೂ’ ಆದ ಮೇಲೆ ನಿಲ್ಲಿಸಿ, ‘ಯೂ’ ಪದವನ್ನು ಮುಂದಿನ ಕ್ರಿಯೆಗೆ ಸೇರಿಸಬೇಕೆಂಬುದು ಅವರ ಓದು. ಆಗ ಅರ್ಥ ಹೀಗಾಗುತ್ತದೆ: ‘ಎಂದಿನ ಇಲ್ಲದರಲ್ಲಿ ಅದರ ಮಿಯಾವ್ ಕಾಣಬಯಸುವುದು, ಎಂದಿನ ಉಂಟಾದುದರಲ್ಲಿ ಅದರ ಜಿಯಾವ್ ಕಾಣಬಯಸುವುದು.’ ಬಯಕೆಯೆಂಬ ವಿಷಯವೇ ಪದ್ಯದಿಂದ ಮಾಯವಾಗಿ, ಇರುವು ಇಲ್ಲದಿರುವುಗಳ ತತ್ತ್ವ ಮಾತ್ರ ಉಳಿಯುತ್ತದೆ. ಈ ಓದು ನಿರಾಧಾರವಲ್ಲ. ದಾವ್ ಪಂಥದ ಇನ್ನೊಂದು ಹಳೆಯ ಗ್ರಂಥವಾದ ಜ್ವಾಂಗ್‌ತ್ಸುವಿನ ಕೊನೆಯ ಅಧ್ಯಾಯವು ಲಾವೋತ್ಸುವಿನ ಬೋಧನೆಯನ್ನು ಹೇಳುವಾಗ ‘ಚಾಂಗ್ ವೂ ಯೋವ್’ ಎಂಬ ಪದಗಳನ್ನೇ ಒಟ್ಟಿಗೆ ಇಡುತ್ತದೆ. ಬಯಕೆಯನ್ನು ಬೇರೆಡೆ ತೆಗಳುವ ಗ್ರಂಥ ಇಲ್ಲಿ ‘ಬಯಕೆ ಇದ್ದೂ ಕಾಣಬಹುದು’ ಎನ್ನುವುದು ಹೇಗೆ ಎಂಬ ಇರುಸುಮುರುಸೂ ಈ ಓದಿನಿಂದ ತೀರುತ್ತಿತ್ತು.

ರೇಷ್ಮೆ ಪಾಠ ಆ ಸಮಾಧಾನವನ್ನು ಕಿತ್ತುಕೊಂಡಿತು. ಅಲ್ಲಿ ‘ಯೂ’ ಪದದ ಬೆನ್ನಿಗೇ ‘ಯೇ’ ಎಂಬ ಅವ್ಯಯವಿದೆ. ಅದು ಮಾತು ಒಂದು ಕ್ಷಣ ನಿಲ್ಲುವ ಜಾಗ. ಅಂದರೆ ಕ್ರಿ.ಪೂ. ಎರಡನೆಯ ಶತಮಾನದ ಹೊತ್ತಿಗೆ ಓದುಗರು ‘ಬೇಕು’ ಆದ ಮೇಲೆ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಈ ಸಾಕ್ಷ್ಯವನ್ನೇ ಅನುಸರಿಸುತ್ತೇನೆ. ನೀವು ಸೋಂಗ್ ಕಾಲದ ಓದನ್ನು ಆರಿಸಿಕೊಂಡರೆ ತಪ್ಪೇನಿಲ್ಲ, ಆದರೆ ಎರಡನ್ನೂ ಬೆರೆಸಿ ಒಂದು ಸಾಲಿನಲ್ಲಿ ಅರ್ಧ ಅದು ಅರ್ಧ ಇದು ಮಾಡಬೇಡಿ. ಆರಿಸಿದ ಮೇಲೆ, ಇವುಗಳ ಹಿಂದಿನ ಸಾಲಿನ (‘ಹೆಸರಿಲ್ಲದ್ದು ಆಕಾಶ ಭೂಮಿಗಳ ಆರಂಭ, ಹೆಸರುಳ್ಳದ್ದು ಎಲ್ಲ ವಸ್ತುಗಳ ತಾಯಿ’) ‘ಹೆಸರಿಲ್ಲದ್ದು’, ‘ಹೆಸರುಳ್ಳದ್ದು’ ಎಂಬವುಗಳಿಗೂ ಅದೇ ನಿಯಮ ಅನ್ವಯಿಸಬೇಕು.

ಹಂತ 4: ‘ಯೂ’ ಎಂಬುದಕ್ಕೆ ಕನ್ನಡ ಪದವನ್ನು ಒರೆಗೆ ಹಚ್ಚಿ

ಅನುವಾದ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ಈ ಹಂತದಲ್ಲಿ ಸಾವಕಾಶ ಬೇಕು.

ನನ್ನ ಮೊದಲ ಕರಡಿನಲ್ಲಿ ‘ನಿಷ್ಕಾಮನಾಗಿ’, ‘ಸಕಾಮನಾಗಿ’ ಎಂದು ಬರೆದಿದ್ದೆ. ಸಾಲು ಗಂಭೀರವಾಗಿ ಕೇಳಿಸಿತು, ಓದಿದವರೂ ಮೆಚ್ಚಿದರು, ಮತ್ತು ಅರ್ಥ ಪೂರ್ತಿ ಹಾಳಾಗಿತ್ತು. ‘ನಿಷ್ಕಾಮ’ ಎಂದ ಕೂಡಲೇ ಕನ್ನಡ ಓದುಗನಿಗೆ ಗೀತೆಯ ಕರ್ಮಫಲ ನೆನಪಾಗುತ್ತದೆ. ‘ಕಾಮ’ ಎಂದರೆ ಒಂದು ಕಡೆ ಪುರುಷಾರ್ಥಗಳಲ್ಲಿ ಮೂರನೆಯದು, ಇನ್ನೊಂದು ಕಡೆ ಅರಿಷಡ್ವರ್ಗದಲ್ಲಿ ಮೊದಲನೆಯದು. ‘ತೃಷ್ಣೆ’ ಬೌದ್ಧರ ಪಾರಿಭಾಷಿಕ ಪದ, ದುಃಖದ ಮೂಲವೆಂಬ ತೀರ್ಪನ್ನು ಹೊತ್ತುಕೊಂಡೇ ಬರುತ್ತದೆ. ‘ಆಸೆ’ ಸ್ವಲ್ಪ ಹಗುರ, ಆದರೆ ವಚನಗಳನ್ನು ಓದಿದ ಕಿವಿಗೆ ಅದರ ಹಿಂದೆಯೇ ‘ಮಾಯೆ’ ಕೇಳಿಸುತ್ತದೆ. ‘ಬಯಕೆ’ ಇವೆಲ್ಲಕ್ಕಿಂತ ಹತ್ತಿರದ್ದು, ಮತ್ತು ಅದಕ್ಕೊಂದು ವಿಶೇಷ ಮೆರುಗೂ ಇದೆ. ಹಿಂದಿನ ಸಾಲು ‘ಹೆಸರುಳ್ಳದ್ದು ಎಲ್ಲ ವಸ್ತುಗಳ ತಾಯಿ’ ಎಂದು ಮುಗಿಯುತ್ತದೆ; ಅದರಲ್ಲಿ ‘ಆರಂಭ’ ಎಂಬುದಕ್ಕೆ ಬಳಸಿರುವ ಅಕ್ಷರದಲ್ಲಿ ಹೆಣ್ಣಿನ ಚಿಹ್ನೆ ಅಡಗಿದ್ದು, ಕ್ರಿ.ಶ. 100ರ ಹೊತ್ತಿನ ಶುವೋವೆನ್ ಎಂಬ ನಿಘಂಟು ಅದನ್ನು ‘ಹೆಣ್ಣಿನ ಮೊದಲು’ ಎಂದೇ ವಿವರಿಸುತ್ತದೆ. ಬಸುರಿಯ ಬಯಕೆಯನ್ನು ಬಲ್ಲ ಕನ್ನಡಕ್ಕೆ ‘ತಾಯಿ’ ಆದ ಮೇಲೆ ‘ಬಯಕೆ’ ಬರುವುದು ಸೊಗಸಾಗಿಯೇ ಇದೆ.

ಆದರೂ ನಾನು ‘ಬೇಕು’ ಎಂಬಲ್ಲಿಗೆ ಬಂದು ನಿಂತೆ. ಕಾರಣ ವ್ಯಾಕರಣದ್ದು. ಚೀನೀ ‘ಯೂ’ ನಾಮಪದವೂ ಹೌದು, ಮತ್ತೊಂದು ಕ್ರಿಯೆಗೆ ಅಂಟಿಕೊಂಡು ‘ಮಾಡಬೇಕು’, ‘ಪಡೆಯಬೇಕು’ ಎನ್ನುವ ಸಹಾಯಕ ಪದವೂ ಹೌದು. ಕನ್ನಡದಲ್ಲಿ ಎರಡೂ ಕೆಲಸ ಮಾಡುವ ಪದ ‘ಬೇಕು’ ಮಾತ್ರ. ಜೊತೆಗೆ ‘ಬೇಕು’ ತೀರ್ಪು ಕೊಡುವುದಿಲ್ಲ: ನೀರು ಬೇಕು, ನಿದ್ದೆ ಬೇಕು, ಸಾಮ್ರಾಜ್ಯ ಬೇಕು, ಎಲ್ಲಕ್ಕೂ ಅದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ವೂ ಯೂ’ ಎಂಬುದು ‘ಬೇಡ’ ಅಲ್ಲ. ಮುನಿಸಿಕೊಂಡ ಮಗು ‘ಊಟ ಬೇಡ’ ಎಂದಾಗ ಅದರಲ್ಲಿ ಹಟ ಇರುತ್ತದೆ. ಬೇಡ ಎನ್ನುವುದು ಬೇರೊಂದು ದಿಕ್ಕಿಗೆ ತಿರುಗಿದ ಬೇಕು. ಪದ್ಯ ಹೇಳುತ್ತಿರುವುದು ಬೇಕು ಎಂಬುದೇ ಇಲ್ಲದ ಸ್ಥಿತಿಯನ್ನು. ಕನ್ನಡದಲ್ಲಿ ಇದಕ್ಕೆ ‘ಬೇಕಿಲ್ಲ’ ಇದೆ, ಅಥವಾ ಮೂಲದ ‘ಇಲ್ಲ’ ಮತ್ತು ‘ಉಂಟು’ಗಳ ಜೋಡಿಯನ್ನು ಉಳಿಸಿಕೊಳ್ಳಲು ‘ಬೇಕೆಂಬುದು ಇಲ್ಲದೆ’, ‘ಬೇಕೆಂಬುದು ಇದ್ದು’ ಎನ್ನಬಹುದು. ವೈರಾಗ್ಯ ಎಂಬ ಪದ ಇಲ್ಲಿ ಏಕೆ ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ: ವೈರಾಗ್ಯ ಬೇಡದ ಕಡೆಯದು, ಬೇಕಿಲ್ಲದ ಕಡೆಯದಲ್ಲ.

ಆರಿಸಿದ ಪದವನ್ನು ಗ್ರಂಥದ ಉಳಿದ ಅಧ್ಯಾಯಗಳಲ್ಲಿ ಇಟ್ಟು ಪರೀಕ್ಷಿಸಿ. ಒಂದು ಸಾಲಿಗೆ ಮಾತ್ರ ಒಗ್ಗುವ ಪದ ಬಹುಪಾಲು ತಪ್ಪು ಪದ. 46ನೆಯ ಅಧ್ಯಾಯ ‘ಸಿಗಬೇಕು ಎಂಬುದಕ್ಕಿಂತ ದೊಡ್ಡ ತಪ್ಪಿಲ್ಲ’ ಎನ್ನುತ್ತದೆ. 57ರಲ್ಲಿ ಜ್ಞಾನಿ ಅರಸ ‘ನನಗೆ ಬೇಕಿಲ್ಲ, ಪ್ರಜೆ ತಾನಾಗಿ ಸರಳವಾಗುತ್ತದೆ’ ಎನ್ನುತ್ತಾನೆ. 64ರಲ್ಲಿ ಮೂರೇ ಅಕ್ಷರಗಳ ಒಂದು ಮಾತಿದೆ: ಜ್ಞಾನಿ ‘ಬೇಕೆನ್ನದಿರುವುದನ್ನೇ ಬೇಕೆನ್ನುತ್ತಾನೆ’. ಇಲ್ಲಿ ‘ಕಾಮ’ವನ್ನು ಇಟ್ಟು ನೋಡಿ, ವಾಕ್ಯ ಕುಂಟುತ್ತದೆ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು 61ನೆಯ ಅಧ್ಯಾಯ. ದೊಡ್ಡ ರಾಜ್ಯಕ್ಕೆ ಜನರನ್ನು ಕೂಡಿಸಿ ಸಾಕಬೇಕು, ಚಿಕ್ಕ ರಾಜ್ಯಕ್ಕೆ ಆಶ್ರಯ ಪಡೆದು ಸೇವೆ ಮಾಡಬೇಕು. ಎರಡೂ ತಮಗೆ ಬೇಕಾದುದನ್ನು ಪಡೆಯುತ್ತವೆ ಎಂದು ಅದು ಯಾವ ಕಹಿಯೂ ಇಲ್ಲದೆ ಹೇಳುತ್ತದೆ. ಬೇಕು ಎಂಬುದನ್ನೇ ಶತ್ರುವೆಂದು ಕಾಣುವ ಗ್ರಂಥ ಹೀಗೆ ಬರೆಯುವುದಿಲ್ಲ. ಮೊದಲ ಅಧ್ಯಾಯದ ಈ ಎರಡು ಸಾಲುಗಳಲ್ಲಿ ಎರಡನೆಯದನ್ನು ಮೊದಲನೆಯದಕ್ಕಿಂತ ಕೀಳು ಎಂಬಂತೆ ಅನುವಾದಿಸುವ ಅಭ್ಯಾಸವನ್ನು, ‘ಆದರೆ’, ‘ಕೇವಲ’, ‘ಮಾತ್ರ’ ಎಂಬ ಪದಗಳನ್ನು ಮೂಲದಲ್ಲಿಲ್ಲದಿದ್ದರೂ ಸೇರಿಸುವುದನ್ನು, ಇದೇ ಕಾರಣಕ್ಕೆ ಕೈಬಿಡಬೇಕು.

ಹಂತ 5: ಕಂಡದ್ದೇನು ಎಂಬುದನ್ನು ಹೆಸರಿಸಿ

‘ಮಿಯಾವ್’ ಪದವನ್ನು ವಾಂಗ್ ಬೀ ‘ಅತ್ಯಂತ ಸಣ್ಣದು’ ಎಂದು ವಿವರಿಸುತ್ತಾನೆ. ರೇಷ್ಮೆ ಪಾಠದಲ್ಲಿ ಅದರ ಜಾಗದಲ್ಲಿ ಕಣ್ಣಿನ ಚಿಹ್ನೆಯುಳ್ಳ, ‘ಕಿರಿದು’ ಎಂಬ ಅರ್ಥದ ಅಕ್ಷರವಿದೆ. ನಂತರದ ಚೀನೀ ಭಾಷೆಯಲ್ಲಿ ಮಿಯಾವ್ ಎಂದರೆ ಅದ್ಭುತ, ಸೊಗಸು. ಹೀಗಾಗಿ ಕಣ್ಣಿಗೆ ನಿಲುಕದಷ್ಟು ಸಣ್ಣದು, ಮತ್ತು ಅದರಿಂದಲೇ ಬೆರಗು ಹುಟ್ಟಿಸುವಂಥದು, ಎರಡೂ ಬೇಕು. ‘ಸೂಕ್ಷ್ಮ’ದಲ್ಲಿ ಬೆರಗಿಲ್ಲ, ‘ವಿಸ್ಮಯ’ದಲ್ಲಿ ಸಣ್ಣತನವಿಲ್ಲ. ನಾನು ‘ನವಿರು’ ಎಂದು ಇಟ್ಟಿದ್ದೇನೆ. ನವಿರು ಎಂದರೆ ಕೂದಲೆಳೆ, ಆ ನಯ. ಮೈ ನವಿರೇಳುವುದು ಎಂದರೆ ಬೆರಗೂ ಹೌದು.

‘ಜಿಯಾವ್’ ಇನ್ನೂ ತೊಡಕಿನದು. ಗಡಿ ಎಂಬುದು ಅದರ ಒಂದು ಅರ್ಥ. ವಾಂಗ್ ಬೀ ‘ಮರಳಿ ಸೇರುವ ಕೊನೆ’ ಎನ್ನುತ್ತಾನೆ. ರೇಷ್ಮೆಯ ಮೇಲಿರುವ ಅಕ್ಷರ ಬಾಯಿಯ ಚಿಹ್ನೆಯದು, ‘ಕೂಗು’ ಎಂಬ ಅರ್ಥದ್ದು. ಅದನ್ನು ಬರಿಯ ಧ್ವನಿಸಾಮ್ಯದ ಬದಲಿ ಅಕ್ಷರವೆಂದು ತೆಗೆದುಕೊಳ್ಳುವುದು ಸುರಕ್ಷಿತ. ಗಡಿ ಮತ್ತು ಕೊನೆ ಎರಡನ್ನೂ ಹಿಡಿದಿಡುವ ‘ಮೇರೆ’ ನಮಗಿದೆ. ಆಸೆ ಮೇರೆ ಮೀರಿತು ಎನ್ನುವಾಗ ಕನ್ನಡ ಈ ಎರಡು ಕಲ್ಪನೆಗಳನ್ನು ತಾನಾಗಿಯೇ ಒಟ್ಟಿಗೆ ತಂದಿರುತ್ತದೆ. ಬೇಕು ಎಂದವನಿಗೆ ವಸ್ತುವಿನ ಅಂಚು ಕಾಣುತ್ತದೆ, ಇಲ್ಲಿಂದ ಇಲ್ಲಿಯವರೆಗೆ ಎಂದು. ಬೇಕೆಂಬುದು ಇಲ್ಲದಾಗ ಅಂಚಿಗಿಂತ ಮೊದಲಿನ ನಯ ಕಾಣುತ್ತದೆ. ಮೂಲದಲ್ಲಿ ಎರಡೂ ಪದಗಳು ಪ್ರಾಸವಾಗುತ್ತವೆ. ‘ನವಿರು’, ‘ಮೇರೆ’ಗಳ ಕೊನೆಯ ರಕಾರದಲ್ಲಿ ಅದರ ಒಂದು ಮಸುಕು ನೆನಪಷ್ಟೇ ಉಳಿದಿದೆ, ಹೆಚ್ಚಿಗೆ ನಾನು ಬೆನ್ನುಹತ್ತಲಿಲ್ಲ.

‘ಗುವಾನ್’ ಕ್ರಿಯೆಗೆ ‘ಕಾಣುವುದು’ ಎಂಬ ರೂಪವನ್ನೇ ಬಳಸಿ. ಅದು ‘ಕಣ್ಣಿಗೆ ಬೀಳುತ್ತದೆ’, ‘ಕಾಣುವ ಕ್ರಿಯೆ’, ‘ಕಾಣತಕ್ಕದ್ದು’ ಎಂದು ಮೂರು ಬಗೆಯಲ್ಲಿ ಓದಿಸಿಕೊಳ್ಳುತ್ತದೆ. ಕರ್ತೃವಿಲ್ಲದ ಮೂಲವೂ ಹೀಗೆಯೇ ತೆರೆದಿದೆ.

ಹಂತ 6: ‘ಈ ಎರಡು’ ಯಾವುವು ಎಂದು ತುಂಬಿಕೊಡಬೇಡಿ

ಮುಂದಿನ ಸಾಲು ‘ಈ ಎರಡೂ ಒಟ್ಟಿಗೆ ಹೊರಟವು, ಹೆಸರು ಬೇರೆ’ ಎನ್ನುತ್ತದೆ. ಯಾವ ಎರಡು? ‘ಆರಂಭ’ ಮತ್ತು ‘ತಾಯಿ’ ಎನ್ನುತ್ತಾನೆ ವಾಂಗ್ ಬೀ. ನದೀತೀರದ ಹಿರಿಯ ಎಂಬ ಹೆಸರಿನಲ್ಲಿ ಬಂದ ಹೆಶಾಂಗ್ ಗೊಂಗ್ ವ್ಯಾಖ್ಯಾನ ‘ಬಯಕೆ ಇರುವುದು, ಇಲ್ಲದಿರುವುದು; ಎರಡೂ ಹೊರಡುವುದು ಮನುಷ್ಯನ ಹೃದಯದಿಂದ’ ಎನ್ನುತ್ತದೆ. ಎರಡನೆಯದು ನನಗೆ ಇಷ್ಟವಾದರೂ ಅನುವಾದದಲ್ಲಿ ‘ಈ ಎರಡೂ’ ಎಂದಷ್ಟೇ ಬರೆದು, ಉಳಿದದ್ದನ್ನು ಟಿಪ್ಪಣಿಗೆ ಬಿಡುತ್ತೇನೆ.

ಹಂತ 7: ‘ಶುಯೆನ್’ ಎಂಬ ಕತ್ತಲನ್ನು ಬಣ್ಣವಾಗಿ ನೋಡಿ

ಅಧ್ಯಾಯದ ಕೊನೆಯಲ್ಲಿ ಬರುವ, ಸಾಮಾನ್ಯವಾಗಿ ‘ರಹಸ್ಯ’, ‘ನಿಗೂಢ’ ಎಂದು ಅನುವಾದವಾಗುವ ಶುಯೆನ್ ಮೂಲತಃ ಒಂದು ಬಣ್ಣ. ಶುವೋವೆನ್ ನಿಘಂಟು ಅದನ್ನು ‘ಆಳವಾದದ್ದು, ದೂರದ್ದು’ ಎಂದು ಹೇಳಿ, ‘ಕೆಂಪು ಬೆರೆತ ಕಪ್ಪು’ ಎಂದು ಸೇರಿಸುತ್ತದೆ. ಚೀನೀ ಮಕ್ಕಳು ಅಕ್ಷರ ಕಲಿಯುತ್ತಿದ್ದ ಸಾವಿರ ಅಕ್ಷರಗಳ ಪಠ್ಯ ಶುರುವಾಗುವುದೇ ಆಕಾಶ ಶುಯೆನ್, ಭೂಮಿ ಹಳದಿ ಎಂದು. ಕನ್ನಡದ ಓದುಗರಿಗೆ ಈ ಪದ ಪೂರ್ತಿ ಅಪರಿಚಿತವೂ ಅಲ್ಲ: ಇಮ್ಮಡಿ ಪುಲಕೇಶಿಯ ನಾಡನ್ನು ವರ್ಣಿಸಿದ ಹ್ಯೂಯೆನ್ ತ್ಸಾಂಗ್‌ನ ಹೆಸರಿನ ಮೊದಲರ್ಧ ಇದೇ ಅಕ್ಷರ.

ಆ ಯಾತ್ರಿಕನೇ ಈ ಗ್ರಂಥವನ್ನು ಭಾರತೀಯ ಭಾಷೆಗೆ ತರುವ ಕೆಲಸಕ್ಕೆ ಕುಳಿತಿದ್ದನೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಕಾಮರೂಪದ (ಇಂದಿನ ಅಸ್ಸಾಂ) ಅರಸನ ಕೋರಿಕೆಯ ಮೇರೆಗೆ ಲಾವೋತ್ಸುವಿನ ಗ್ರಂಥವನ್ನು ಸಂಸ್ಕೃತಕ್ಕೆ ಅನುವಾದಿಸುವಂತೆ 647ರಲ್ಲಿ ತಾಂಗ್ ಚಕ್ರವರ್ತಿ ತೈಜೋಂಗ್ ಆಜ್ಞಾಪಿಸಿದ. ದಾವ್ ಪಂಥದ ವಿದ್ವಾಂಸರೂ ಬಂದು ಕೂತರು. ‘ದಾವ್’ ಎಂಬುದಕ್ಕೆ ‘ಬೋಧಿ’ ಎಂದು ಇಡಬೇಕೆಂಬುದು ಅವರ ಪಟ್ಟು. ಹ್ಯೂಯೆನ್ ತ್ಸಾಂಗ್ ಒಪ್ಪಲಿಲ್ಲ: ಬೋಧಿ ಎಂದರೆ ಎಚ್ಚರ, ದಾವ್ ಎಂದರೆ ದಾರಿ, ಆದ್ದರಿಂದ ‘ಮಾರ್ಗ’. ಆ ಅನುವಾದ ಇಂದು ಉಳಿದಿಲ್ಲ. ಆದರೆ ದೊಡ್ಡ ಪದದ ಆಮಿಷಕ್ಕೆ ಒಳಗಾಗದೆ ನೆಲದ ಪದವನ್ನು ಹಿಡಿದ ಅವನ ಹಟವನ್ನು ಪ್ರತಿ ಹಂತದಲ್ಲೂ ನೆನೆಯುತ್ತೇನೆ.

ಅವನೊಂದಿಗೆ ವಾದಿಸಿದವರಲ್ಲಿ ಒಬ್ಬ ಚೆಂಗ್ ಶುಯೆನ್‌ಯಿಂಗ್. ಅವನ ಹೆಸರಿನಲ್ಲೂ ಇದೇ ಕತ್ತಲು. ನಮ್ಮ ಅಧ್ಯಾಯದ ‘ಶುಯೆನ್ ಜೀ ಯೋವ್ ಶುಯೆನ್’ (ಶುಯೆನ್, ಮತ್ತೂ ಶುಯೆನ್) ಎಂಬ ಮಾತಿಗೆ ಅವನ ಓದು ಎರಡು ಮೆಟ್ಟಿಲಿನದು. ಮೊದಲ ಶುಯೆನ್‌ನಲ್ಲಿ ಬಯಕೆ ಇದೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಅಂಟಿಕೊಳ್ಳುವುದು ಬಿಟ್ಟುಹೋಗುತ್ತದೆ. ಎರಡನೆಯದರಲ್ಲಿ ‘ನಾನು ಅಂಟಿಕೊಂಡಿಲ್ಲ’ ಎಂಬ ಅಂಟೂ ಬಿಟ್ಟುಹೋಗುತ್ತದೆ. ಬೌದ್ಧ ಮಾಧ್ಯಮಿಕರ ತರ್ಕದ ನೆರಳು ಇದರಲ್ಲಿದೆ ನಿಜ, ಆದರೆ ವ್ಯಾಕರಣವೂ ಅವನ ಕಡೆಗಿದೆ. 48ನೆಯ ಅಧ್ಯಾಯದಲ್ಲಿ ಇದೇ ಅಚ್ಚಿನ ಮಾತೊಂದಿದೆ: ‘ಕಡಿಮೆ ಮಾಡಿ, ಮತ್ತೂ ಕಡಿಮೆ ಮಾಡಿ’. ಅಲ್ಲಿ ಅದು ಕ್ರಿಯೆಯಾದರೆ ಇಲ್ಲಿಯೂ ಶುಯೆನ್ ಕ್ರಿಯೆಯಾಗಬಲ್ಲದು.

ಈಗ ಕನ್ನಡ ಪದ. ‘ರಹಸ್ಯ’ ಎಂದರೆ ಯಾರೋ ಬಚ್ಚಿಟ್ಟದ್ದು, ಬಯಲಾದ ದಿನ ಮುಗಿಯುವಂಥದು, ಶುಯೆನ್ ಹಾಗಲ್ಲ. ‘ಬಯಲು’ ಎಂದು ಬರೆಯುವ ಆಸೆ ಅಲ್ಲಮನನ್ನು ಓದಿದವರಿಗೆಲ್ಲ ಬರುತ್ತದೆ, ಆದರೆ ಅದು ಬೆಳಕಿನ, ತೆರವಿನ ಚಿತ್ರ. ಇಲ್ಲಿರುವುದು ದಟ್ಟ ಬಣ್ಣದ್ದು. ನಾನು ‘ಗಾಢ’ವನ್ನು ಆರಿಸಿದೆ. ಸಂಸ್ಕೃತದ್ದೇ ಆದರೂ ಗಾಢ ನಿದ್ದೆ, ಗಾಢ ಕೆಂಪು, ಗಾಢ ಸ್ನೇಹ ಎಂದು ಕನ್ನಡದಲ್ಲಿ ಮನೆಯ ಪದವಾಗಿದೆ; ಬಣ್ಣ ಮತ್ತು ಆಳ ಎರಡೂ ಅದರಲ್ಲಿವೆ. 6ನೆಯ ಅಧ್ಯಾಯದ ‘ಶುಯೆನ್ ಹೆಣ್ಣು’, 10ರ ‘ಶುಯೆನ್ ಗುಣ’, 56ರ ‘ಶುಯೆನ್ ಐಕ್ಯ’ ಇವುಗಳಲ್ಲಿಯೂ ಈ ಪದ ನಿಲ್ಲುತ್ತದೆ. ‘ಗಾಢವಾಗಿ’ ಎಂದರೆ ವಿಶೇಷಣವೂ ಆಗುತ್ತದೆ, ‘ಗಾಢವಾಗುತ್ತ ಹೋಗಿ’ ಎಂಬ ಕ್ರಿಯೆಯೂ ಆಗುತ್ತದೆ.

ಹಂತ 8: ಕರಡನ್ನು ಕಟ್ಟಿ, ಗಟ್ಟಿಯಾಗಿ ಓದಿಸಿ

ಇಷ್ಟಾದ ಮೇಲೆ ನನ್ನ ಸಾಲುಗಳು ಹೀಗಿವೆ:

ಆದ್ದರಿಂದ,
ಎಂದೂ ಬೇಕೆಂಬುದು ಇಲ್ಲದೆ ಅದರ ನವಿರು ಕಾಣುವುದು;
ಎಂದೂ ಬೇಕೆಂಬುದು ಇದ್ದು ಅದರ ಮೇರೆ ಕಾಣುವುದು.
ಈ ಎರಡೂ ಒಟ್ಟಿಗೆ ಹೊರಟವು, ಹೆಸರು ಬೇರೆ;
ಒಟ್ಟಿನಲ್ಲಿ ಗಾಢ ಎನ್ನುವುದು.
ಗಾಢವಾಗಿ, ಮತ್ತೂ ಗಾಢವಾಗಿ,
ಬಗೆಬಗೆಯ ನವಿರಿಗೆ ಬಾಗಿಲು.

ಐದನೆಯ ಸಾಲನ್ನು ಉಳಿಸಿಕೊಳ್ಳುವ ಮೊದಲು ಮತ್ತೊಮ್ಮೆ ಯೋಚಿಸಿ. ‘ಅವನ್ನು ಗಾಢ ಎನ್ನುವುದು’ ಎಂಬ ಹೇಳಿಕೆ ನಮ್ಮ ಎರಡು ಪಾಠಗಳ ಪೈಕಿ ವಾಂಗ್ ಬೀಯದರಲ್ಲಿ ಮಾತ್ರ ಇದೆ. ರೇಷ್ಮೆಯ ಮೇಲೆ ‘ಹೆಸರು ಬೇರೆ, ಹೇಳುವುದು ಒಂದನ್ನೇ’ ಎಂದು ಮುಗಿದು ನೇರವಾಗಿ ‘ಗಾಢವಾಗಿ’ ಎಂಬಲ್ಲಿಗೆ ನೆಗೆಯುತ್ತದೆ. ಮೂರನೆಯ ಹಂತದಲ್ಲಿ ರೇಷ್ಮೆಯ ಸಾಕ್ಷ್ಯವನ್ನು ನಂಬಿದವರು ಇಲ್ಲಿ ವಾಂಗ್ ಬೀಯ ಕಡೆಗೆ ವಾಲಿದರೆ ಕಾರಣ ಕೊಡಬೇಕು. ಸಂಪ್ರದಾಯ ಶತಮಾನಗಳ ಕಾಲ ಓದಿಕೊಂಡು ಬಂದದ್ದು ಆ ಪಾಠವನ್ನು ಎಂಬುದು ನನ್ನ ಕಾರಣ. ರೇಷ್ಮೆಯನ್ನು ನಾನು ಸಾಲಿನ ನಿಲುಗಡೆ ತಿಳಿಯಲು ಮಾತ್ರ ಬಳಸಿದ್ದೇನೆ.

ಕೊನೆಗೆ, ಮೂಲವನ್ನು ನೋಡಿರದ ಒಬ್ಬರಿಗೆ ಈ ಸಾಲುಗಳನ್ನು ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ನೀವು ಸುಮ್ಮನೆ ಕೇಳಿ. ಅವರು ‘ಇಲ್ಲದೆ’ ಮತ್ತು ‘ಇದ್ದು’ ಎಂಬಲ್ಲಿ ತಾವಾಗಿಯೇ ಉಸಿರು ತೆಗೆದುಕೊಂಡರೆ ನಿಲುಗಡೆ ಸರಿಯಾಗಿ ಬಂದಿದೆ. ‘ಇದ್ದು’ ಎಂಬ ಸಾಲಿಗೆ ಬರುವಾಗ ಅವರ ದನಿ ತಗ್ಗಿದರೆ, ಬೇಕೆಂಬುದನ್ನು ಬೈಯುವ ಯಾವುದೋ ಪದ ಇನ್ನೂ ಉಳಿದಿದೆ. ನಾಲ್ಕನೆಯ ಹಂತಕ್ಕೆ ಹಿಂತಿರುಗಿ.